ಯಾವ ಮರಿ, ಮಾರಾಯ್ರೆ?

ಕನ್ನಡದಲ್ಲಿ ಹಸು ಮರಿ ಹಾಕುವುದಿಲ್ಲ, ಕರು ಹಾಕುತ್ತದೆ. ಎಮ್ಮೆಯದೂ ಕರುವೇ. ಆದರೆ ಅದೇ ಹುಲ್ಲು ತಿಂದು, ಅದೇ ನಾಲ್ಕು ಕಾಲಲ್ಲಿ ನಡೆಯುವ ಕುರಿ, ಆಡು, ಕತ್ತೆ, ಕುದುರೆಗಳದ್ದು ಮರಿ. ಆನೆಯದು ಹುಟ್ಟುವಾಗಲೇ ಸುಮಾರು 100 ಕಿಲೋ ತೂಗುತ್ತದೆ. ಅದರ ಪಕ್ಕ ನಿಂತರೆ ನಾವೇ ಮರಿ, ಆದರೂ ಅದರ ಹೆಸರು ಆನೆಮರಿ. ಕೋಳಿ, ಗುಬ್ಬಿ, ಹಾವು, ಮೀನು, ಮೊಸಳೆ ಎಲ್ಲದರದ್ದೂ ಮರಿ. ಕಪ್ಪೆಗೆ ಗೊದಮೊಟ್ಟೆ, ಹೇನಿಗೆ ಸೀರು. ಇವೆರಡು ಮಾತ್ರ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತಿವೆ. ಮನುಷ್ಯರದ್ದು ಮಗು.

ಹೀಗೆಂದು ನಾವು ಉಡುಪಿಯವರು ನೆಮ್ಮದಿಯಿಂದ ನಂಬಿಕೊಂಡಿದ್ದೆವು. ಆಮೇಲೆ ತುಮಕೂರು ಕಡೆಯಿಂದ ನಮ್ಮ ಅತ್ತೆ ಬಂದರು.

ಅತ್ತೆಯ ಲೆಕ್ಕದಲ್ಲಿ ತಮಗಿಂತ ಚಿಕ್ಕವರೆಲ್ಲ ಮರಿ. ಮೊಮ್ಮಗ ಮರಿ, ಅವನ ಗೆಳೆಯರು ಮರಿ, ಗ್ಯಾಸ್ ಸಿಲಿಂಡರ್ ತರುವವನು ಮರಿ. ಅತ್ತೆಗೆ ವಯಸ್ಸು ಚೆನ್ನಾಗಿಯೇ ಆಗಿರುವುದರಿಂದ ಊರಿನ ಮುಕ್ಕಾಲು ಜನ ಈ ವ್ಯಾಪ್ತಿಗೆ ಬರುತ್ತಾರೆ. ಅವರ ಊರಿನಲ್ಲಿ ಇದು ಸಹಜ. ಅಲ್ಲಿ ಮರಿಯಪ್ಪ, ಮರಿಗೌಡ, ಮರಿಸ್ವಾಮಿ ಎಂದು ಹೆಸರಿಟ್ಟು, ತಲೆ ನರೆತ ಮೇಲೂ ಹಾಗೇ ಕರೆಯುತ್ತಾರೆ. ಅತ್ತೆಯ ದೊಡ್ಡಪ್ಪನ ಮಗ ಒಬ್ಬರಿದ್ದಾರೆ, ಮರಿಯಣ್ಣ. ಎಪ್ಪತ್ತು ದಾಟಿದೆ, ಹಲ್ಲು ಸೆಟ್ಟಿನದ್ದು. ಆದರೂ ಮರಿ.

ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಇಲ್ಲಿ ಪ್ರೀತಿ ಬಂದರೆ ‘ಮಗಾ’, ಸಿಟ್ಟು ಬಂದರೆ ‘ಮಾರಾಯ’, ಎರಡೂ ಒಟ್ಟಿಗೆ ಬಂದರೂ ‘ಮಾರಾಯ’. ಮರಿ ಎಂದರೆ ನಾಯಿ ಬೆಕ್ಕಿನದ್ದು, ಅಷ್ಟೇ. ಹಾಗಾಗಿ ನಮ್ಮ ಎಲೆಕ್ಟ್ರಿಷಿಯನ್‌ಗೆ ಅತ್ತೆ, “ಬಾ ಮರಿ, ಈ ಫ್ಯಾನ್ ಯಾಕೋ ಕಿರುಗುಡ್ತಾ ಇದೆ ನೋಡು” ಎಂದಾಗ ಆ ಮನುಷ್ಯ ಹಿಂದೆ ತಿರುಗಿ ನೆಲ ನೋಡಿದ. ಬಿರುಮೀಸೆಯ, ಎರಡು ಮಕ್ಕಳ ತಂದೆ ಅವನು. ತನ್ನ ಹಿಂದೆ ಯಾವುದೋ ನಾಯಿಮರಿ ಒಳಗೆ ಬಂದಿದೆ ಎಂದುಕೊಂಡ. ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ನಾಚಿಕೊಂಡು ಸ್ಟೂಲ್ ಹತ್ತಿದ. ಆವತ್ತು ಹತ್ತು ರೂಪಾಯಿ ಕಡಿಮೆ ತೆಗೆದುಕೊಂಡ ಎನ್ನುವುದನ್ನೂ ಹೇಳಬೇಕು.

ಸಿಟಿ ಬಸ್ಸಿನಲ್ಲಿ ಮಾತ್ರ ರಿಯಾಯಿತಿ ಸಿಗಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅತ್ತೆ, ಹಿಂದಿನಿಂದ ನುಗ್ಗಿಕೊಂಡು ಬರುತ್ತಿದ್ದ ಕಂಡಕ್ಟರನ್ನು ಕೂಗಿ ಕೇಳಿದರು: “ಮರಿಗೂ ಟಿಕೆಟ್ ತಗೋಬೇಕೇನಪ್ಪಾ?”

“ಬಸ್ಸಿನಲ್ಲಿ ನಾಯಿ ಬೆಕ್ಕು ತರ್ಲಿಕ್ಕಿಲ್ಲ ಅಮ್ಮ. ಮುಂದಿನ ಸ್ಟಾಪಲ್ಲಿ ಇಳಿಸಿ” ಎಂದು ಉತ್ತರ ಬಂತು. ಇಡೀ ಬಸ್ಸು ಸೀಟಿನ ಅಡಿಗೆ ಬಗ್ಗಿತು.

ಇನ್ನೊಂದು ತೊಡಕು ಊಟದ್ದು. ತುಮಕೂರು ಕಡೆ ಹಬ್ಬಕ್ಕೆ, ಹರಕೆಗೆ ‘ಮರಿ ಹೊಡೆಯುತ್ತಾರೆ’. ಕುರಿಮರಿಯೋ ಮೇಕೆಮರಿಯೋ ತಂದು ಬಾಡೂಟ ಮಾಡುವುದು ಎಂದರ್ಥ. ಒಂದೇ ಪದ, ಒಂದೇ ಬಾಯಿ. “ಮರಿ, ಬಾರೋ, ಎಣ್ಣೆ ಹಚ್ತೀನಿ” ಎಂದು ಮೊಮ್ಮಗನನ್ನು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಊರಿಗೆ ಮಾತಾಡುತ್ತಾ, “ಹೂಂ ಕಣೆ, ಭಾನುವಾರ ಮರಿ ಹೊಡೆದುಬಿಡಿ. ಚಿಕ್ಕದಾದ್ರೂ ಪರವಾಗಿಲ್ಲ, ಎಳೇದು ಬೇಗ ಬೇಯುತ್ತೆ” ಎಂದರು. ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯ ಅಕ್ಕ ಕೈಯಲ್ಲಿದ್ದ ಕ್ಲಿಪ್ಪು ಬೀಳಿಸಿಕೊಂಡರು.

ಅತ್ತೆ ಬಂದದ್ದು ಜೂನ್ ತಿಂಗಳಲ್ಲಿ. ಮೀನಿನ ಊರಿಗೆ ಬಂದಿದ್ದೇನೆ ಎಂಬ ದೊಡ್ಡ ಆಸೆ ಅವರಿಗೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ನಾಡದೋಣಿಯವರು ತರುವ ಅಷ್ಟಿಷ್ಟು ಮೀನಿಗೆ ಚಿನ್ನದ ಬೆಲೆ. ನಮ್ಮ ಯಜಮಾನರು ತಾಯಿಗೆ ಬಿಡಿಸಿ ಹೇಳಿದರು, “ಅಮ್ಮ, ಇದು ಮೀನು ಮರಿ ಮಾಡೋ ಕಾಲ. ಈಗ ಹಿಡಿಯಲ್ಲ.”

“ಚೆನ್ನಾಯ್ತು” ಎಂದರು ಅತ್ತೆ. “ನಮ್ಮೂರಲ್ಲಿ ಮರಿ ಅಂದ್ರೆ ಊಟ, ನಿಮ್ಮೂರಲ್ಲಿ ಮರಿ ಅಂದ್ರೆ ಉಪವಾಸ.”

ಇಷ್ಟೂ ಕನ್ನಡದೊಳಗಿನ ಮಾತಾಯಿತು. ಉಡುಪಿಯಲ್ಲಿ ಕನ್ನಡ ಒಂದೇ ಸಾಕಾಗುವುದಿಲ್ಲ. ಒಂದೇ ಕಾಂಪೌಂಡಿನಲ್ಲಿ ಮೂರು ಭಾಷೆಯ ಬೆಕ್ಕುಗಳು ಇರುತ್ತವೆ. ತುಳುವಿನಲ್ಲಿ ಮರಿಗೆ ‘ಕಿನ್ನಿ’. ನಾಯಿದ ಕಿನ್ನಿ, ಪುಚ್ಚೆದ ಕಿನ್ನಿ, ಕೋರಿದ ಕಿನ್ನಿ, ಅಂದರೆ ನಾಯಿ, ಬೆಕ್ಕು, ಕೋಳಿಗಳ ಮರಿ. ಚಿಕ್ಕದು ಎನ್ನುವುದಕ್ಕೂ ಅದೇ ಪದ. ಪಕ್ಕದ ಮನೆಯ ಅಕ್ಕ ಒಂದು ದಿನ ಮುದ್ದಿನಿಂದ ನಮ್ಮ ಮಗನ ಬಗ್ಗೆ “ಕಿನ್ನಿ ಓಲು?”, ಅಂದರೆ ಮರಿ ಎಲ್ಲಿ ಎಂದು ಕೇಳಿದರು. ಅತ್ತೆಗೆ ಅದು ‘ಕುನ್ನಿ’ ಎಂದು ಕೇಳಿಸಿತು. ಘಟ್ಟದ ಮೇಲೆ ಕುನ್ನಿ ಎಂದರೆ ನಾಯಿ, ಬೈಗುಳಕ್ಕೂ ಆಗುತ್ತದೆ. ಸಂಜೆಯವರೆಗೂ ಅತ್ತೆಯ ಮುಖ ದಪ್ಪ. “ನಮ್ಮ ಹುಡುಗನ್ನ ನಾಯಿ ಅಂತಾಳಲ್ಲಾ ಅವಳು. ಅಲ್ವೇನೋ ಮರಿ?” ಎಂದು ಅವನನ್ನೇ ಕೇಳಿದರು.

ಆಗ ಮಗರಾಯ ಅಜ್ಜಿಗೆ ತುಳು ಪಾಠ ಮಾಡಿದ. ಕಿನ್ನಿ ಎಂದರೆ ಮರಿ. ನಾವಿರುವ ಜಾಗ ಕಿನ್ನಿಮೂಲ್ಕಿ. ಅಂದರೆ ಮರಿ ಮೂಲ್ಕಿ. ಅಜ್ಜಿಗೆ ನೆನಪಿಡಲು ಇದು ಬಹಳ ಸುಲಭವಾಯಿತು. ಎಷ್ಟು ಸುಲಭವೆಂದರೆ, ಅವರಿಗೆ ಅರ್ಥ ಮಾತ್ರ ಉಳಿದು ಹೆಸರು ಮರೆತೇ ಹೋಯಿತು.

ಇದರ ಪರಿಣಾಮ ಮಂಗಳೂರಿನಿಂದ ಬರುವಾಗ ಕಾಣಿಸಿತು. ಅಲ್ಲಿ ನೆಂಟರ ಮನೆಗೆ ಹೋಗಿದ್ದ ಅತ್ತೆ, “ನಾನೇನು ಮಗುವಾ? ಒಬ್ಬಳೇ ಬರ್ತೀನಿ” ಎಂದು ಹಟ ಹಿಡಿದು ಉಡುಪಿ ಬಸ್ಸು ಹತ್ತಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ಹೆಚ್ಚುಕಡಿಮೆ ನಡುವೆ ಮೂಲ್ಕಿ ಬರುತ್ತದೆ, ಅದು ದಕ್ಷಿಣ ಕನ್ನಡದ್ದು. ಕಿನ್ನಿಮೂಲ್ಕಿ ಇರುವುದು ಉಡುಪಿ ಪೇಟೆಯ ಬಾಗಿಲಲ್ಲಿ. ಇವೆರಡೂ ಸಾಲದೆಂದು ಮೂಲ್ಕಿಯಿಂದ ಒಳಗೆ ಕಟೀಲಿನ ದಾರಿಯಲ್ಲಿ ಕಿನ್ನಿಗೋಳಿ ಎಂಬ ಇನ್ನೊಂದು ಊರು. ಗೋಳಿ ಎಂದರೆ ಆಲದ ಮರ. ಒಂದು ಚಿಕ್ಕ ಆಲದ ಮರ ಇತ್ತೆಂದು ಊರಿಗೆ ಆ ಹೆಸರು ಬಂತು ಎನ್ನುತ್ತಾರೆ.

ಕಂಡಕ್ಟರ್ ಕೇಳಿದ, “ಎಲ್ಲಿಗೆ ಅಮ್ಮ?”

“ಅದೇ, ಮರಿ ಮೂಲ್ಕಿಗೆ ಒಂದು ಕೊಡು.”

ಅವನು ಮೂಲ್ಕಿಗೆ ಟಿಕೆಟ್ ಹರಿದ. ಮೂಲ್ಕಿ ಬಂದಾಗ ಮರ್ಯಾದೆಯಿಂದ ಕೈಹಿಡಿದು ಇಳಿಸಿ, ಚೀಲವನ್ನೂ ಇಳಿಸಿಕೊಟ್ಟು ರೈಟ್ ಪೋಯಿ ಎಂದು ಹೊರಟ. ಅತ್ತೆ ಸುತ್ತ ನೋಡಿದರು. ನಮ್ಮ ಸ್ವಾಗತ ಗೋಪುರ ಇಲ್ಲ, ಪರಿಚಯದ ಹೂವಿನವಳಿಲ್ಲ. ರಿಕ್ಷಾ ಸ್ಟ್ಯಾಂಡಿನವರ ಹತ್ತಿರ ಹೋಗಿ, “ಇದು ದೊಡ್ಡ ಮೂಲ್ಕಿ ಕಣಪ್ಪಾ, ನನಗೆ ಬೇಕಾಗಿರೋದು ಮರೀದು. ಏನೋ ಕಿನ್ನಿ ಅಂತಾರಲ್ಲ” ಎಂದರು. ಅವರಲ್ಲಿ ಮೂವರು ಒಟ್ಟಿಗೆ, “ಓ, ಕಿನ್ನಿಗೋಳಿ!” ಎಂದರು. ಒಬ್ಬ ಓಡಿಹೋಗಿ ಹೊರಡುತ್ತಿದ್ದ ಬಸ್ಸನ್ನು ನಿಲ್ಲಿಸಿದ. ನಮ್ಮ ಕಡೆಯ ಜನ ಇಂಥ ಸಹಾಯದಲ್ಲಿ ಬಹಳ ಚುರುಕು. ಎದುರಿನವರಿಗೆ ಯೋಚಿಸಲಿಕ್ಕೂ ಬಿಡುವುದಿಲ್ಲ.

ನನಗೆ ಫೋನ್ ಬಂದಾಗ ಅತ್ತೆ ಕಿನ್ನಿಗೋಳಿಯ ಒಂದು ಹೋಟೆಲಿನಲ್ಲಿ ಕೂತಿದ್ದರು. “ನಾನು ಬಂದ್ಬಿಟ್ಟೆ ಕಣೆ. ಇಲ್ಲಿ ಗೋಳಿ ಬಂತು, ಮನೆ ಬರ್ಲಿಲ್ಲ” ಎಂದರು. ಬಾಯಲ್ಲಿ ಗೋಳಿಬಜೆ ಇದ್ದದ್ದು ಕೇಳಿಸುತ್ತಿತ್ತು.

ಯಜಮಾನರು ಕಾರು ತೆಗೆದರು. ಮಗನೂ ಹೊರಟ, ನಾನೂ ಹೊರಟೆ. ಬರುವಾಗ ಕಾಪುವಿನಲ್ಲಿ ಮಾರಿಗುಡಿಯ ಬೋರ್ಡು ಕಂಡಿತು. ಆಗಷ್ಟೇ ಕಾಗುಣಿತ ದಾಟಿದ್ದ ಮಗರಾಯ ದೀರ್ಘ ನುಂಗಿ ಓದಿ, “ಅಜ್ಜಿ, ಮರಿಗುಡಿ ಅಂದ್ರೆ ಸಣ್ಣ ಗುಡಿಯಾ?” ಎಂದ. “ಅಯ್ಯೋ, ಅದು ಮಾರಿ, ತಾಯಿ! ಕೆನ್ನೆ ಬಡ್ಕೊಳೋ” ಎಂದು ಅತ್ತೆ ತಾವೇ ಅವನ ಕೆನ್ನೆಯನ್ನು ಮೆಲ್ಲಗೆ ಬಡಿದರು. ಆಮೇಲೆ ಉದ್ಯಾವರ ದಾಟುವವರೆಗೂ ಏನೂ ಮಾತಿಲ್ಲ. ಮನೆ ಹತ್ತಿರ ಬಂದಾಗ ಹೇಳಿದರು: “ಅಲ್ಲಾ, ನೀವು ಊರೂರಿಗೆಲ್ಲ ಮರಿ ಅಂತ ಹೆಸರಿಡ್ತೀರಿ. ಮಕ್ಕಳನ್ನ ಅಂದ್ರೆ ಮಾತ್ರ ಬಗ್ಗಿ ಬಗ್ಗಿ ನೋಡ್ತೀರಿ!”

ಇದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಕರುವಿನ ಕಥೆ ಇನ್ನೊಂದು. ಪಕ್ಕದ ಅಕ್ಕನ ಮನೆಯಲ್ಲಿ ಒಂದು ದನವಿದೆ. ಒಂದು ಬೆಳಿಗ್ಗೆ ಅವರು ಬೇಲಿ ಹತ್ತಿರ ಬಂದು ಸಂಭ್ರಮದಿಂದ, “ಅಮ್ಮ, ನಮ್ಮ ದನ ರಾತ್ರಿ ಕಂಜಿ ಹಾಕಿತು” ಎಂದರು. ತುಳುವಿನಲ್ಲಿ ಕರುವಿಗೆ ಕಂಜಿ. ಅತ್ತೆಗೆ ಕೇಳಿಸಿದ್ದು ಗಂಜಿ. “ಒಳ್ಳೇದಾಯ್ತು ಬಿಡು, ಹೊಟ್ಟೆಗೆ ತಂಪು” ಎಂದರು. ಮಾರನೆಯ ದಿನ ಅಕ್ಕ ಗಿಣ್ಣು ಮಾಡಿ ಕಳಿಸಿದರು, ಏಲಕ್ಕಿ ಹಾಕಿ, ಬೆಲ್ಲ ಹಾಕಿ, ಚೌಕವಾಗಿ ಕತ್ತರಿಸಿ. ಅತ್ತೆ ಒಂದು ತುಂಡು ಬಾಯಿಗಿಟ್ಟು ಬೆರಗಾದರು. “ಬರೀ ಗಂಜಿ ಕುಡಿಸಿದ್ದಕ್ಕೆ ಗಿಣ್ಣುಹಾಲು ಬಂತಾ? ಇದೆಂಥಾ ಅಕ್ಕಿ?”

ಕೊನೆಗೆ ಕಂಜಿ ಎಂದರೆ ಕರು ಎಂದು ಅವರಿಗೆ ಪಕ್ಕಾ ಆಯಿತು. ಪಕ್ಕಾ ಆದ ಮೇಲೆಯೇ ತೊಂದರೆ ಶುರುವಾದದ್ದು. ಯಾಕೆಂದರೆ ಆ ವಾರವೇ ಅಕ್ಕ, “ನಿಮಗೆ ಎರಡು ಬಾಳೆ ಕಂಜಿ ಕೊಡ್ತೇನೆ, ಬಾವಿಕಟ್ಟೆ ಬದಿಯಲ್ಲಿ ನೆಡಿ” ಎಂದರು. ಅತ್ತೆ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು, “ಇವಳಿಗೆ ತಲೆ ಸರಿ ಇದೆಯೇನೆ? ಕರು ನೆಡು ಅಂತಾಳೆ.” ಬಾಳೆಯ ಬುಡದಲ್ಲಿ ಏಳುವ ಎಳೆ ಗಿಡಕ್ಕೂ ತುಳುವಿನಲ್ಲಿ ಕಂಜಿ ಎನ್ನುತ್ತಾರೆ. ಕನ್ನಡದಲ್ಲಿ ಅದು ಬಾಳೆಕಂದು. ಹಳೆಯ ಕನ್ನಡದಲ್ಲಿ ಕಂದು ಎಂದರೆ ಕರುವೂ ಹೌದು, ಬಾಳೆಯ ಮರಿಯೂ ಹೌದು. ಇದನ್ನು ಹೇಳಿದಾಗ ಅತ್ತೆ, “ಹಾಗಾದ್ರೆ ನಮ್ಮ ಕಂದೂನೂ ಅವರ ಕಂಜೀನೂ ಒಂದೇ ಬಳಗ ಅನ್ನು” ಎಂದು ಒಪ್ಪಿಕೊಂಡು ಎರಡೂ ಕಂಜಿಗಳನ್ನು ನೆಟ್ಟರು. ದಿನಾ ನೀರು ಹಾಕುವಾಗ ಅವಕ್ಕೂ ಮರಿ ಎಂದೇ ಮಾತಾಡಿಸುತ್ತಾರೆ. ನನ್ನ ಆಫೀಸಿನಲ್ಲಿ ಮಲಯಾಳ ಮಾತಾಡುವವರೊಬ್ಬರಿದ್ದಾರೆ, ಅವರಿಗೆ ಕಂಜಿ ಎಂದರೆ ನಿಜಕ್ಕೂ ಗಂಜಿಯೇ. ಅವರನ್ನು ಮನೆಗೆ ಕರೆಯುವುದನ್ನು ಸದ್ಯಕ್ಕೆ ಮುಂದೂಡಿದ್ದೇನೆ.

ಇಷ್ಟೆಲ್ಲ ಕಲಿತ ಮೇಲೆ ವಿಟ್ಲಪಿಂಡಿ ಬಂತು.

ಕೃಷ್ಣಾಷ್ಟಮಿಯ ಮಾರನೆಯ ದಿನ ಉಡುಪಿಯಲ್ಲಿ ನಡೆಯುವ ಗೌಜಿ ಅದು. ರಥಬೀದಿಯಲ್ಲಿ ಕೃಷ್ಣನ ಮಣ್ಣಿನ ಮೂರ್ತಿಯನ್ನು ರಥದಲ್ಲಿ ಕೂರಿಸಿ ಎಳೆಯುತ್ತಾರೆ, ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೆಯುತ್ತಾರೆ, ಕೊನೆಗೆ ಮೂರ್ತಿಯನ್ನು ಮಧ್ವ ಸರೋವರದಲ್ಲಿ ಮುಳುಗಿಸುತ್ತಾರೆ. ಊರಿಡೀ ವೇಷಗಳು. ಅದರಲ್ಲಿ ಹುಲಿವೇಷಕ್ಕೇ ಮೊದಲ ಮಣೆ. ತುಳುವಿನಲ್ಲಿ ಪಿಲಿವೇಷ. ಪಿಲಿ ಎಂದರೆ ಹುಲಿ. ಮಂಗಳೂರಿನ ವಾಮಂಜೂರಿನಲ್ಲಿರುವ ಪಿಲಿಕುಳಕ್ಕೆ ಆ ಹೆಸರು ಬಂದದ್ದೂ ಹುಲಿಗಳು ನೀರು ಕುಡಿಯುತ್ತಿದ್ದ ಕೊಳ ಎಂಬುದರಿಂದ. ಅಲ್ಲಿಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಬಂದಿದ್ದೆವು. ಆದ್ದರಿಂದ ಪಿಲಿ ಎಂಬ ಪದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಹುಲಿಗಳ ತಂಡದಲ್ಲಿ ಒಂದೋ ಎರಡೋ ಪುಟ್ಟ ಹುಡುಗರಿರುತ್ತಾರೆ. ಅವರಿಗೆ ಮರಿಹುಲಿ ಎನ್ನುತ್ತಾರೆ. ನಮ್ಮ ಮಗನಿಗೆ ಮರಿಹುಲಿಯಾಗುವ ಆಸೆ. ಅಪ್ಪನ ಹತ್ತಿರ ಗುಟ್ಟಾಗಿ ಒಪ್ಪಿಗೆ ಪಡೆದಿದ್ದ. ಮೈಗೆ ಪೇಂಟ್ ಬಳಿಯುತ್ತಾರೆಂದು ತಿಳಿದರೆ ಅಜ್ಜಿ ಬಿಡುವುದಿಲ್ಲ ಎಂದು ಇಬ್ಬರೂ ಕತ್ತಲಲ್ಲೇ ಎದ್ದು ಹೋದರು. ನಾನೂ ಬೇಗ ಹೊರಟಿದ್ದೆ, ನೆಂಟರಿಷ್ಟರ ಮನೆಗೆ ಉಂಡೆ ಚಕ್ಕುಲಿ ಹಂಚುವ ಕೆಲಸವಿತ್ತು.

ಅತ್ತೆ ಎದ್ದರು, ಮನೆ ಖಾಲಿ. ನಮ್ಮಿಬ್ಬರ ಫೋನೂ ಆ ಡೋಲು ತಾಸೆಯ ಗದ್ದಲದಲ್ಲಿ ಕೇಳಿಸಲಿಲ್ಲ. ಆಗ ಅವರು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಧ್ವನಿ ಸಂದೇಶ ಹಾಕಿದರು: “ನಮ್ಮ ಮರಿ ಬೆಳಿಗ್ಗೆಯಿಂದ ಕಾಣ್ತಿಲ್ಲ. ಏನೂ ತಿಂದಿಲ್ಲ ಪಾಪ. ಯಾರಿಗಾದ್ರೂ ಕಂಡ್ರೆ ಹಾಲು ಬಿಸ್ಕತ್ತು ಕೊಟ್ಟು ಹಿಡ್ಕೊಂಡಿರಿ.”

ಬೀದಿಯಲ್ಲಿ ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ತಕ್ಷಣ ಪ್ರಶ್ನೆಗಳು ಬಂದವು. ಆ ಮಾತುಕತೆ ನನ್ನ ಫೋನಿನಲ್ಲಿ ಈಗಲೂ ಇದೆ.

“ಯಾವ ಬಣ್ಣ ಅಮ್ಮ?”

“ಎಣ್ಣೆಗೆಂಪು. ಅವರಪ್ಪನ ಬಣ್ಣ.”

“ಕುತ್ತಿಗೆಗೆ ಏನಾದರೂ ಕಟ್ಟಿದ್ದೀರಾ?”

“ಕಪ್ಪು ದಾರ ಇದೆ, ದೃಷ್ಟಿಗೆ ನಾನೇ ಕಟ್ಟಿದ್ದು.”

“ಇಂಜೆಕ್ಷನ್ ಎಲ್ಲ ಆಗಿದೆಯಾ?”

“ಒಂದೂ ಬಿಡದೆ ಹಾಕ್ಸಿದೀವಿ. ಕಾರ್ಡೂ ಇದೆ.”

“ಕಚ್ಚುತ್ತದಾ?”

“ಕೋಪ ಬಂದ್ರೆ ಕಚ್ತಾನೆ. ಆದ್ರೆ ಹೊರಗಿನವರಿಗಲ್ಲ, ನನಗೆ ಮಾತ್ರ.”

ಇಷ್ಟು ವಿವರ ಸಿಕ್ಕ ಮೇಲೆ ಬೀದಿಯ ಜನ ತಟ್ಟೆಯಲ್ಲಿ ಹಾಲು ಹಿಡಿದು ಇಳಿದರು. ಕಾರುಗಳ ಅಡಿ ನೋಡಿದರು, ನೀರಿನ ಟ್ಯಾಂಕಿನ ಹಿಂದೆ ನೋಡಿದರು. ನಿವೃತ್ತ ಮೇಷ್ಟ್ರೊಬ್ಬರು ಕೊಡೆಯ ತುದಿಯಿಂದ ಪೊದೆಗಳನ್ನು ತಟ್ಟಿ ಬಾಯಲ್ಲಿ ಚ್ಚು ಚ್ಚು ಎಂದರು. ಪಕ್ಕದ ಅಕ್ಕ ಗೇಟಿನ ಮೇಲಿಂದ ಎಲ್ಲರನ್ನೂ “ಕಿನ್ನಿ ತಿಕ್ಕ್‌ಂಡಾ?”, ಮರಿ ಸಿಕ್ಕಿತಾ ಎಂದು ಕೇಳುತ್ತಿದ್ದರು. ಎದುರು ಮನೆಯ ಕೊಂಕಣಿ ಮಾಮಿ ತಮ್ಮ ಸ್ಕೂಟರಿನ ಅಡಿಗೆ ಬಗ್ಗಿದವರು ಒಮ್ಮೆಲೇ ಕಿರುಚಿದರು, “ಇಲ್ಲಿದೆ! ಪೀಲ! ಪೀಲ!”

ಕೊಂಕಣಿಯಲ್ಲಿ ಮರಿಗೆ ಪೀಲ. ಅತ್ತೆಗೆ ಗೊತ್ತಿದ್ದದ್ದು ಪಿಲಿ.

ಮೊಮ್ಮಗ ಕಾಣುತ್ತಿಲ್ಲ, ಎದುರು ಮನೆಯಲ್ಲಿ ಹುಲಿ. ಅತ್ತೆ ಹಾಕಿದ ಕೂಗು ಎಂಥದೆಂದರೆ, ಮೇಷ್ಟ್ರು ಕೊಡೆ ಬಿಚ್ಚಿಬಿಟ್ಟರು. ಒನಕೆಯಂಥದ್ದೇನೋ ಹುಡುಕಿ, ಸಿಕ್ಕದೆ, ಮಾಪ್ ಕೋಲು ಹಿಡಿದು ಅತ್ತೆ ರಸ್ತೆ ದಾಟಿದರು. ಮಾಮಿಯ ಕೈಯಲ್ಲಿ ಅಂಗೈಯಷ್ಟು ದೊಡ್ಡ ಕೆಂಚು ಬೆಕ್ಕಿನ ಮರಿ ಇತ್ತು. ಬಣ್ಣ ಸರಿಯಾಗಿತ್ತು. ಮಾಮಿ ಹೆಮ್ಮೆಯಿಂದ ಅದನ್ನು ಮುಂದೆ ಚಾಚಿ, “ದಾರ ಎಲ್ಲೋ ಬಿದ್ದು ಹೋಗಿದೆ ಕಾಣ್ತದೆ” ಎಂದರು.

ಅಷ್ಟರಲ್ಲಿ ಬೇರೆಯವರೂ ಬೇರೆ ಬೇರೆ ಮರಿಗಳನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಿದ್ದರು. ಇನ್ನೆರಡು ಬೆಕ್ಕಿನದ್ದು, ಒಂದು ನಾಯಿಯದ್ದು. ಯಾರದ್ದು ಅಸಲಿ ಎಂದು ತೀರ್ಪು ಕೊಡಬೇಕಾದವರು ಅತ್ತೆ. ಅವರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು.

ಆಗ ಬೀದಿಯ ತಿರುವಿನಲ್ಲಿ ತಾಸೆ ಕೇಳಿಸಿತು. ಹುಲಿಗಳು ಬಂದವು. ಮುಂದೆ ದೊಡ್ಡವು, ಹೆಜ್ಜೆ ಹಾಕುತ್ತಾ, ಬೆನ್ನು ಬಿಲ್ಲಿನಂತೆ ಬಾಗಿಸುತ್ತಾ. ಹಿಂದೆ ಒಂದು ಮರಿಹುಲಿ. ಹೊಟ್ಟೆ ಹಳದಿ, ಬೆನ್ನಿಗೆ ಕಪ್ಪು ಪಟ್ಟೆ, ಮೂಗಿನ ಎರಡೂ ಬದಿಗೆ ಬಿಳಿಯ ಮೀಸೆ. ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡಿತ್ತು. ಪೇಂಟ್ ಬಳಿದ ಮೇಲೆ ಒಣಗುವವರೆಗೆ ಕೂರುವ ಹಾಗಿಲ್ಲ, ಕೈ ಮಡಚುವ ಹಾಗಿಲ್ಲ. ಅಡ್ಡಕ್ಕೆ ಕಟ್ಟಿದ ಕೋಲು ಹಿಡಿದು ಗಂಟೆಗಟ್ಟಲೆ ನಿಲ್ಲಬೇಕು. ಒಣಗಿದ ಮೇಲೆ ಚರ್ಮ ಬಿಗಿದು ತುರಿಸುತ್ತದೆ, ತುರಿಸಿಕೊಂಡರೆ ಪಟ್ಟೆ ಏಳುತ್ತದೆ. ಆ ಹುಲಿಯ ಮುಖದಲ್ಲಿ ಕಾಡಿನ ಗತ್ತೇನೂ ಇರಲಿಲ್ಲ. ಬೆಳಿಗ್ಗೆಯಿಂದ ಒಂದಕ್ಕೆ ಹೋಗಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿ ಬರೆದಿತ್ತು.

ಹುಲಿ ಜಗಲಿಯ ಮೇಲಿದ್ದ ಮಾಪ್ ಕೋಲನ್ನೂ ಮರಿಗಳನ್ನೂ ನೋಡಿತು. “ಅಜ್ಜೀ” ಎಂದು ಅಳು ತೆಗೆಯಿತು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಪೇಂಟಿನ ಅಡಿಯಲ್ಲಿ ದಾರದ ಗಂಟು ಉಬ್ಬಿಕೊಂಡಿತ್ತು. “ಅಯ್ಯೋ, ನನ್ನ ಮರಿ!” ಎಂದು ಅಪ್ಪಿಕೊಂಡರು. ತಂಡದ ಯಜಮಾನ ಖುಷಿಯಾಗಿ, “ಹೌದಮ್ಮ, ಈ ಸಲದ ಮರಿ ಇವನೇ” ಎಂದ. ಹಳದಿ ಪೇಂಟು ಅತ್ತೆಯ ಇಳಕಲ್ ಸೀರೆಗೆ ಹತ್ತಿದ್ದು ಇನ್ನೂ ಹೋಗಿಲ್ಲ. ನಮ್ಮ ಯಜಮಾನರು ಹುಲಿಗಳ ಹಿಂದೆ ಅಡಗಿಕೊಂಡಿದ್ದರು, ಆದರೆ ಅಡಗಿಕೊಳ್ಳಲು ಹುಲಿಗಳು ಸಾಲಲಿಲ್ಲ.

ಬಣ್ಣ ತೆಗೆಯುವುದು ಬಳಿಯುವುದಕ್ಕಿಂತ ದೊಡ್ಡ ಕೆಲಸ. ಮೊದಲೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು. ಅತ್ತೆ ಸೀಮೆಎಣ್ಣೆ ಎಂಬ ಹೆಸರು ಕೇಳಿಯೇ ಎದ್ದು ನಿಂತರು. ತೆಂಗಿನೆಣ್ಣೆ, ಕಡಲೆಹಿಟ್ಟು, ಬಿಸಿನೀರು, ಹಳೆಯ ಪಂಚೆಯ ಚೂರು, ಮತ್ತೆ ತೆಂಗಿನೆಣ್ಣೆ. ರಾತ್ರಿಯಾದರೂ ಹುಲಿ ಪೂರ್ತಿ ಹೋಗಲಿಲ್ಲ. ಕಿವಿಯ ಮಡಿಕೆಯಲ್ಲಿ, ಹೊಕ್ಕುಳಲ್ಲಿ, ಮಂಡಿಯ ಹಿಂದೆ ಅಲ್ಲಲ್ಲಿ ಉಳಿಯಿತು. ಶಾಲೆಯಲ್ಲಿ ಹಳದಿ ಕಿವಿ ನೋಡಿ ಕಾಮಾಲೆಯಾ ಎಂದು ಕೇಳಿದರಂತೆ. ಮಗ, “ಇಲ್ಲ, ಹುಲಿ” ಎಂದನಂತೆ.

ಬೆಕ್ಕಿನ ಮರಿಗಳು ಎಲ್ಲಿಗೂ ಹೋಗಲಿಲ್ಲ. ಅತ್ತೆಗೆ ಬೆಕ್ಕು ಕಂಡರೆ ಆಗದು. ಬಂದ ದಿನವೇ, “ಬೆಕ್ಕಿನ ಸಹವಾಸ ಬೇಡ, ಹಾಲಿನ ಪಾತ್ರೆಗೆ ಬಾಯಿ ಹಾಕುತ್ತೆ” ಎಂದು ಅಪ್ಪಣೆ ಮಾಡಿದ್ದರು. ಆವತ್ತು ಸಂಜೆ ನೋಡಿದರೆ ತಾವೇ ಬತ್ತಿ ಹಾಲಿನಲ್ಲಿ ಅದ್ದಿ ಕುಡಿಸುತ್ತಿದ್ದಾರೆ. “ಇವು ಬೆಕ್ಕಲ್ಲ ಕಣೆ, ಮರಿ” ಎಂದರು. ಬೆಕ್ಕನ್ನು ಓಡಿಸಬಹುದು, ಬೆಕ್ಕಿನ ಮರಿಯನ್ನು ಓಡಿಸಲು ಬರುವುದಿಲ್ಲ. ಬಾಯಲ್ಲಿ ಮರಿ ಎಂದವರೇ ಅದಕ್ಕೆ ಹಾಲು ಹುಡುಕಬೇಕು, ಮಲಗಲು ಡಬ್ಬಿ ಹುಡುಕಬೇಕು. ಚುನಾವಣೆ ಹತ್ತಿರ ಬಂದಾಗ ಏಳುವ ಮರಿ ಪುಢಾರಿಗಳನ್ನು ನೋಡಿ, ಯಾರೋ ಒಬ್ಬರು ಸಾಕುತ್ತಲೇ ಇರುತ್ತಾರೆ. ನಾಯಿಯ ಮರಿಯನ್ನು ಮೇಷ್ಟ್ರು ಕೊಂಡುಹೋದರು. ಅವರೂ ಚ್ಚು ಚ್ಚು ಎಂದಿದ್ದರಲ್ಲ.

ತಾಯಿಬೆಕ್ಕು ರಾತ್ರಿಯೇ ಹುಡುಕಿಕೊಂಡು ಬಂತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ಅದಕ್ಕೆ ನಮ್ಮದು ಎಷ್ಟನೆಯ ಮನೆಯೋ, ಅಂತೂ ಪ್ರವಾಸ ಮುಗಿಸಿತು. ಕುತ್ತಿಗೆಯ ಚರ್ಮ ಕಚ್ಚಿ ಒಂದೊಂದನ್ನೇ ಎತ್ತಿಕೊಂಡು ಹೋಗಿ ಅತ್ತೆಯ ಹಾಸಿಗೆಯ ಮೂಲೆಯಲ್ಲಿ ಇಟ್ಟಿತು. ಮರಿ ಏನೂ ಮಾಡುವುದಿಲ್ಲ, ಸುಮ್ನೆ ಜೋತುಬಿದ್ದಿರುತ್ತದೆ. ಮಂಗನ ಮರಿ ಹಾಗಲ್ಲ, ತಾನೇ ತಾಯಿಯ ಹೊಟ್ಟೆಗೆ ಗಟ್ಟಿಯಾಗಿ ಅಂಟಿಕೊಳ್ಳಬೇಕು. ಭಕ್ತ ದೇವರನ್ನು ಹಿಡಿದುಕೊಳ್ಳಬೇಕೋ, ದೇವರೇ ಭಕ್ತನನ್ನು ಎತ್ತಿಕೊಳ್ಳುತ್ತಾನೋ ಎಂದು ಶ್ರೀವೈಷ್ಣವರು ಇದನ್ನೇ ಹಿಡಿದು ಶತಮಾನಗಳ ಕಾಲ ಚರ್ಚೆ ಮಾಡಿದ್ದಾರೆ, ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಎಂದು. ನಮ್ಮ ಮಗ ಹೋಂವರ್ಕಿನ ವಿಷಯದಲ್ಲಿ ಅಪ್ಪಟ ಬೆಕ್ಕಿನ ಮರಿ.

ಬೀದಿಯ ಗುಂಪಿನಲ್ಲಿ ಹೊಸ ನಿಯಮ ಬಂತು: ‘ಮರಿ ಎಂದು ಹಾಕುವವರು ಯಾವುದರ ಮರಿ ಎಂದು ಕಡ್ಡಾಯವಾಗಿ ತಿಳಿಸಬೇಕು.’ ಅತ್ತೆ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದರು. ಓದಿರಲಿಲ್ಲ.

ಹಾಗಾಗಿ ಒಂದು ಮಳೆಯ ಸಂಜೆ ಮತ್ತೆ ಧ್ವನಿ ಸಂದೇಶ ಹೋಯಿತು: “ನಮ್ಮ ಬಚ್ಚಲಲ್ಲಿ ಒಂದು ಮರಿ ಬಂದು ಕೂತಿದೆ. ಯಾರಾದ್ರೂ ಬೇಗ ಬನ್ನಿ.” ಜನ ಬೇಗನೇ ಬಂದರು. ಮಾಮಿ ತಟ್ಟೆಯಲ್ಲಿ ಹಾಲು ಹಿಡಿದು ಬಚ್ಚಲೊಳಗೆ ಬಗ್ಗಿದರು, ಮೆಲ್ಲಗೆ ನೆಟ್ಟಗಾದರು, ಹಾಲನ್ನು ಅಲ್ಲೇ ಇಟ್ಟು ಹಿಂದಕ್ಕೆ ನಡೆದು ಬಂದು ಸೋಫಾ ಹತ್ತಿದರು. ಹಂಡೆಯ ಬುಡದಲ್ಲಿ ಒಂದೂವರೆ ಅಡಿಗಿಂತ ಚಿಕ್ಕದಾದ ಕಂದು ಹಾವು, ಮೈಮೇಲೆ ಬಿಳಿ ಪಟ್ಟೆ. “ಕಡಂಬಳ!” ಎಂದರು ಅಕ್ಕ. ಕಡಂಬಳದ ವಿಷ ನಾಗರಹಾವಿಗಿಂತ ಜೋರು, ಮರಿಗೂ ಹುಟ್ಟುವಾಗಲೇ ವಿಷ ಇರುತ್ತದೆ ಎಂದು ಮೇಷ್ಟ್ರು ಕುರ್ಚಿಯ ಮೇಲೆ ನಿಂತು ವಿವರಿಸಿದರು.

ಹಾವು ಹಿಡಿಯುವ ಹುಡುಗ ಬಂದ. ಟಾರ್ಚ್ ಬಿಟ್ಟು ನೋಡಿ ನಕ್ಕ. “ಕಡಂಬಳ ಅಲ್ಲ, ತೋಳದ ಹಾವು. ವಿಷ ಇಲ್ಲ. ಇದಕ್ಕೆ ಪಟ್ಟೆ ಕುತ್ತಿಗೆ ಹತ್ತಿರ ಎದ್ದು ಕಾಣ್ತದೆ, ಬಾಲದ ಕಡೆ ಮಾಸಿ ಹೋಗ್ತದೆ. ಕಡಂಬಳಕ್ಕೆ ಉಲ್ಟಾ” ಎಂದ. ಆಮೇಲೆ ಅತ್ತೆಯ ಕಡೆ ತಿರುಗಿದ. “ಮರಿ ಅಂತ ಹೇಳಿದ್ದು ನೀವಾ? ಇದು ಮರಿ ಅಲ್ಲ ಅಮ್ಮ. ಬೆಳೆದು ಮುಗಿದದ್ದು. ಇದಕ್ಕೇ ಮರಿಗಳಿರಬಹುದು.”

“ಇಷ್ಟು ಚಿಕ್ಕದಾ? ಏನು ತಿನ್ನುತ್ತೆ ಪಾಪ?”

“ಹಲ್ಲಿ.”

ಅತ್ತೆಗೆ ಹಲ್ಲಿ ಎಂದರೆ ಬೆಕ್ಕಿಗಿಂತ ಹತ್ತು ಪಾಲು ಆಗದು. ಅಡುಗೆಮನೆಯ ಟ್ಯೂಬ್‌ಲೈಟಿನ ಹಿಂದೆ ಒಂದು ಸಂಸಾರವೇ ಇದೆ. ಅವರು ಟ್ಯೂಬ್‌ಲೈಟಿನ ಕಡೆ ನೋಡಿದರು, ಹಾವಿನ ಕಡೆ ನೋಡಿದರು. “ಹಾಗಾದ್ರೆ ಇಲ್ಲೇ ಇರ್ಲಿ ಬಿಡು” ಎಂದರು.

ಸೋಫಾದ ಮೇಲಿದ್ದವರೆಲ್ಲ ಒಟ್ಟಿಗೆ ಬೇಡ ಎಂದರು. ಹುಡುಗ ಹಾವನ್ನು ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದ. ಅತ್ತೆ ಬಾಗಿಲವರೆಗೂ ಹಿಂದೆ ಹೋಗಿ, ಚೀಲದ ಕಡೆ ಬಗ್ಗಿ, “ಊಟ ಆಯ್ತೇನೋ ಮರಿ?” ಎಂದು ಕೇಳಿದರು.

“ಇಲ್ಲಮ್ಮ, ಮನೆಗೆ ಹೋಗಿ ಮಾಡ್ಬೇಕಷ್ಟೆ” ಎಂದ ಹುಡುಗ.